ಅಮೆರಿಕದಲ್ಲಿ ಗಿಡುಗ ಸಾಕಲು ಲೈಸೆನ್ಸ್: ಮೊದಲು ಗುರು ಹುಡುಕಿ

ಟೆಕ್ಸಾಸ್‌ನಲ್ಲಿದ್ದೇನೆ, ಗಿಡುಗ ಪಳಗಿಸಿ ಬೇಟೆಯಾಡಲು ಲೈಸೆನ್ಸ್ ಹೇಗೆ, ಮೊದಲು ಹಕ್ಕಿ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಹಕ್ಕಿ ಕೊನೆಗೆ ಸರ್. ಮೊದಲು ಬೇಕಾದದ್ದು ಗುರು.

ಅಲ್ಲಿ ಅದನ್ನು ಸ್ಪಾನ್ಸರ್ ಅಂತಾರೆ. ನಿಮ್ಮನ್ನು ಶಿಷ್ಯ ಅಂತ ಒಪ್ಪಿ ಅವರು ಪತ್ರ ಕೊಡಬೇಕು. ಇದೇ ಕಷ್ಟದ ಕೆಲಸ, ಅಪರಿಚಿತರಿಗೆ ಸುಮ್ನೆ ಯಾರೂ ಸಹಿ ಹಾಕಲ್ಲ. ಚಳಿಗಾಲದಲ್ಲಿ ಅವರ ಜೊತೆ ಹೊಲ ಸುತ್ತಿ, ಪೊದೆ ಬಡಿದು ಮೊಲ ಎಬ್ಬಿಸಿ. ನಿಮಗೆ ಇದು ಆಗುತ್ತಾ ಇಲ್ವಾ ಅಂತ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಬರವಣಿಗೆಯ ಪರೀಕ್ಷೆ, ಪಾಸಾಗಲು ಶೇಕಡಾ 80 ಬೇಕು. ಹಕ್ಕಿಯ ಮನೆ, ಸ್ನಾನದ ತೊಟ್ಟಿ, ಕಾಲಿನ ಚರ್ಮದ ಪಟ್ಟಿ, ತಕ್ಕಡಿ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ತಕ್ಕಡಿ ಯಾಕೆ ಅಂದ್ರೆ, ಹೊಟ್ಟೆ ತುಂಬಿದ ಗಿಡುಗ ಕರೆದರೆ ಬರಲ್ಲ, ತೀರಾ ಹಸಿದರೆ ಸಾಯುತ್ತದೆ. ಹಾಗಾಗಿ ದಿನಾ ಗ್ರಾಂ ಲೆಕ್ಕದಲ್ಲಿ ತೂಗಬೇಕು.

2014ರಿಂದ ಪರ್ಮಿಟ್ ಕೊಡುವುದು ರಾಜ್ಯವೇ. ಬೇಟೆ ಲೈಸೆನ್ಸ್ ಬೇರೆ. ಶಿಷ್ಯನಿಗೆ ಒಂದೇ ಹಕ್ಕಿ, ಕಾಡಿನ ಗೂಡಿನಿಂದ ತೆಗೆದ ಮರಿ ಆಗುವಂತಿಲ್ಲ. ಜಾಸ್ತಿ ಜನ ಕೆಂಪು ಬಾಲದ ಗಿಡುಗದಿಂದ ಶುರು ಮಾಡುತ್ತಾರೆ. ಹಿಡಿಯುವ ಬಲೆ ಬಾಲ್‌ಛತ್ರಿ ನಮ್ಮ ದೇಶದಿಂದಲೇ ಹೋದದ್ದು! ತಂತಿ ಪಂಜರದೊಳಗೆ ಇಲಿ, ಮೇಲೆಲ್ಲ ಕುಣಿಕೆ. ಕನಿಷ್ಠ ಎರಡು ವರ್ಷ ಶಿಷ್ಯರಾಗಿದ್ದರೆ ಮುಂದಿನ ದರ್ಜೆ.

ರಜಕ್ಕೆ ಊರಿಗೆ ಬಂದಾಗ ಇಲ್ಲೂ ಒಂದು ಸಾಕೋಣ ಎಂದಿದ್ದೀರಲ್ಲ, ಅದು ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲಿ ಗಿಡುಗ ಹಿಡಿದು ಸಾಕುವುದು ಅಪರಾಧ.