ಅಮೆರಿಕದ ಆಸ್ಪತ್ರೆ ಬಿಲ್ಲಿನಲ್ಲಿ ಫ್ರ್ಯಾಕ್ಚರ್ ಚಿಕಿತ್ಸೆಯ ಕೋಡ್ ಹಾಕಿದ ಮೇಲೆ ಕಾಲಿನ ಪ್ಲಾಸ್ಟರ್‌ಗೆ ಬೇರೆ ಕೋಡ್ ಹಾಕಬೇಕಾ?

ಮೊದಲ ಪ್ಲಾಸ್ಟರ್‌ಗೆ ಬೇಡ. ಮೈಸೂರಿನಲ್ಲಿ ಕೂತು ಅಮೆರಿಕದ ಬಿಲ್ ಮಾಡುವ ನಮ್ಮ ಹುಡುಗರು ಹೆಚ್ಚು ಎಡವುವುದು ಇಲ್ಲೇ. ಅಲ್ಲಿನ ಸಿಪಿಟಿ (ಪ್ರತಿ ಚಿಕಿತ್ಸೆಗೂ ಬಿಲ್ಲಿನಲ್ಲಿ ಹಾಕುವ ಕೋಡುಗಳ ಪಟ್ಟಿ) ನಿಯಮದಲ್ಲಿ ಫ್ರ್ಯಾಕ್ಚರ್ ಚಿಕಿತ್ಸೆಯ ಕೋಡ್ ಒಳಗೇ ಮೊದಲ ಪ್ಲಾಸ್ಟರ್ ಹಾಕುವುದೂ, ಅದನ್ನು ತೆಗೆಯುವುದೂ ಸೇರಿರುತ್ತದೆ. ಮೂರು ವಾರದ ನಂತರ ಊತ ಇಳಿದು ಸಡಿಲವಾಯಿತು, ಹೊಸದು ಹಾಕಿದರು ಅಂದರೆ ಅದಕ್ಕೆ ಬೇರೆ ಕೋಡ್ ಹಾಕಬಹುದು.

ಮಂಡಿಯ ಕೆಳಗಿನಿಂದ ಬೆರಳಿನವರೆಗೆ ಇದ್ದರೆ 29405. ಅದೇ ಪ್ಲಾಸ್ಟರ್ ಮೇಲೆ ನಡೆಯುವಂತಿದ್ದರೆ 29425. ತೊಡೆಯಿಂದ ಬೆರಳಿನವರೆಗೆ 29345, ನಡೆಯುವಂಥದ್ದು 29355. ತೊಡೆಯಿಂದ ಪಾದದ ಗಂಟಿನವರೆಗೆ ಮಾತ್ರ ಇದ್ದರೆ 29365. ಹಾಗಾಗಿ ಡಾಕ್ಟರ್ ನೋಟಿನಲ್ಲಿ ಪ್ಲಾಸ್ಟರ್ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ಹುಡುಕಿ. ಸುಮ್ನೆ ಊಹಿಸಬೇಡಿ.

ಇನ್ನೊಂದು ಮಾತು. ನಮ್ಮೂರ ಆಸ್ಪತ್ರೆಗಳಲ್ಲಿ ಮೊದಲ ದಿನ 'ಸ್ಲ್ಯಾಬ್' ಹಾಕುತ್ತಾರಲ್ವಾ, ಒಂದು ಕಡೆ ಮಾತ್ರ ಗಟ್ಟಿ, ಉಳಿದದ್ದು ಬ್ಯಾಂಡೇಜ್? ಅದು ಸ್ಪ್ಲಿಂಟ್. ಮಂಡಿಯ ಕೆಳಗಿನದಕ್ಕೆ 29515, ಉದ್ದದ್ದಕ್ಕೆ 29505. ಇದನ್ನು ಪೂರ್ತಿ ಪ್ಲಾಸ್ಟರ್ ಅಂತ ಕೋಡ್ ಮಾಡಿದರೆ ಹಣ ಜಾಸ್ತಿ ಕೇಳಿದ ಹಾಗಾಗುತ್ತದೆ. ಅದು ತಪ್ಪು.

ಪ್ಲಾಸ್ಟರಿನ ಸಾಮಾನಿಗೆ 'ಕ್ಯೂ' ಅಕ್ಷರದಿಂದ ಶುರುವಾಗುವ ಕೋಡ್ ಬೇರೆ ಇದೆ. 11 ವರ್ಷ ಮತ್ತು ಮೇಲ್ಪಟ್ಟವರ ಗಿಡ್ಡ (ಮಂಡಿಯ ಕೆಳಗಿನ) ಪ್ಲಾಸ್ಟರ್ ಫೈಬರ್‌ಗ್ಲಾಸ್ ಆದರೆ ಕ್ಯೂ4038, ಮಾಮೂಲಿ ಪಿಒಪಿ ಆದರೆ ಕ್ಯೂ4037. ಕೋಡ್ ಪಕ್ಕದಲ್ಲಿ ಬಲಗಾಲಿಗೆ ಆರ್‌ಟಿ, ಎಡಗಾಲಿಗೆ ಎಲ್‌ಟಿ ಹಾಕಲು ಮರೆಯಬೇಡಿ.