ತನ್ನನ್ನೇ ಉಳಿಸಿಕೊಳ್ಳದವನು ರಕ್ಷಕ ಹೇಗಾದ?

ಪ್ರಶ್ನೆ: ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ರಕ್ಷಕ ಅಂದರೆ ಶತ್ರುಗಳನ್ನು ಸದೆಬಡಿಯುವವನು ಅಲ್ವಾ? ಯೇಸು ಹೊಡೆತ ತಿಂದು, ಉಗುಳಿಸಿಕೊಂಡು, ಶಿಲುಬೆಯ ಮೇಲೆ ಸತ್ತ. ತನ್ನನ್ನೇ ಉಳಿಸಿಕೊಳ್ಳಲಾಗದವನು ಬೇರೆಯವರನ್ನು ಹೇಗೆ ಕಾಪಾಡುತ್ತಾನೆ?

ಉತ್ತರ: ನಿಮ್ಮ ಮಾತನ್ನೇ ಅಂದು ಶಿಲುಬೆಯ ಹತ್ತಿರ ನಿಂತವರೂ ಆಡಿದ್ದರು. ‘ಬೇರೆಯವರನ್ನು ರಕ್ಷಿಸಿದ, ತನ್ನನ್ನು ರಕ್ಷಿಸಿಕೊಳ್ಳಲಾರ’ ಎಂದು ಅವರು ಅಣಕಿಸಿದ್ದನ್ನು ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಮುಚ್ಚಿಡದೆ ಬರೆದಿದೆ. ನೀವೇನೋ ಕುತೂಹಲಕ್ಕೆ ಕೇಳಿದಿರಿ, ಅವರು ನಗಲು ಕೇಳಿದರು, ಅಷ್ಟೇ.

ಶಿಲುಬೆ ಇವತ್ತು ಕತ್ತಿನ ಸರದಲ್ಲಿ ಹೊಳೆಯುತ್ತದೆ. ಆಗ ಅದು ರೋಮನ್ನರು ಮುಖ್ಯವಾಗಿ ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಸಾವು. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್ ನಡೆಸಿದ ಗುಲಾಮರ ದಂಗೆ ಮುರಿದ ಮೇಲೆ ಕಾಪುವಾ ಊರಿಂದ ರೋಮ್‌ವರೆಗೆ ದಾರಿಯುದ್ದಕ್ಕೂ ಸುಮಾರು 6,000 ಜನರನ್ನು ಹೀಗೆ ತೂಗುಹಾಕಿದರು. ಸುಮ್ನೆ ಕೊಂದರೆ ಸಾಲದು, ಹೋಗಿಬರುವವರೆಲ್ಲ ನೋಡುವಂತೆ ಮಾನ ತೆಗೆಯಬೇಕು. ಯೆಹೂದ್ಯರಿಗಂತೂ ಇದು ಇನ್ನೂ ಕಹಿ. ಮರಕ್ಕೆ ತೂಗುಹಾಕಿದವನು ದೇವರ ಶಾಪಕ್ಕೆ ಗುರಿಯಾದವನು ಅಂತ ಅವರ ಧರ್ಮಶಾಸ್ತ್ರವೇ ಹೇಳುತ್ತದೆ. ಅವರಲ್ಲಿ ಹಲವರು ಕಾಯುತ್ತಿದ್ದದ್ದು ತಮ್ಮ ಹಿಂದಿನ ದೊರೆ ದಾವೀದನ ವಂಶದ ಒಬ್ಬ ರಾಜನನ್ನು. ‘ಕ್ರಿಸ್ತ’ ಅಂದರೆ ಅಭಿಷೇಕವಾದವನು. ಅಭಿಷೇಕವಾದವನು ಹೋಗಿ ಹೋಗಿ ಶಿಲುಬೆಯ ಮೇಲಾ? ಇದು ಯೆಹೂದ್ಯರಿಗೆ ಎಡವುಗಲ್ಲು, ಉಳಿದವರಿಗೆ ಹುಚ್ಚುಮಾತು ಎಂದು ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ. ಉತ್ಪ್ರೇಕ್ಷೆ ಏನಲ್ಲ.

ಪುರಾವೆ ಬೇಕಾದರೆ ರೋಮ್‌ನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕ ಒಂದು ಗೋಡೆಗೀಚು ಇದೆ. ಹದಿನೆಂಟು ಶತಮಾನದಷ್ಟು ಹಳೆಯದು ಅನ್ನುತ್ತಾರೆ. ಗಾರೆಯ ಮೇಲೆ ಯಾರೋ ಮೊಳೆಯಂಥದ್ದರಿಂದ ಕೆರೆದದ್ದು. ಶಿಲುಬೆಯ ಮೇಲೆ ಒಬ್ಬ ಮನುಷ್ಯ, ಅವನಿಗೆ ಕತ್ತೆಯ ತಲೆ. ಕೆಳಗೆ ಒಬ್ಬ ಕೈ ಎತ್ತಿ ನಿಂತಿದ್ದಾನೆ. ಪಕ್ಕದಲ್ಲಿ ಗ್ರೀಕಿನಲ್ಲಿ ‘ಅಲೆಕ್ಸಮೆನೊಸ್ ದೇವರನ್ನು ಪೂಜಿಸುತ್ತಿದ್ದಾನೆ’ ಎಂಬ ವಕ್ರ ಅಕ್ಷರ. ಜೊತೆಗಿದ್ದವರು ಅವನನ್ನು ಹೇಗೆ ಗೋಳುಹೊಯ್ದುಕೊಂಡಿರಬೇಕು, ಊಹಿಸಿ! ಶಿಲುಬೆಗೇರಿದ ಯೇಸುವಿನ ತೀರಾ ಹಳೆಯ ಚಿತ್ರಗಳಲ್ಲಿ ಇದೂ ಒಂದು, ಅದೂ ಗೇಲಿಗೆ ಬಿಡಿಸಿದ್ದು. ಕ್ರೈಸ್ತರು ತಾವೇ ಈ ದೃಶ್ಯವನ್ನು ಚರ್ಚಿನ ಬಾಗಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಕೆತ್ತಿದ್ದು ಐದನೇ ಶತಮಾನದಲ್ಲಿ, ರೋಮ್‌ನ ಸಾಂತಾ ಸಬೀನಾದಲ್ಲಿ.

ಶಿಷ್ಯರಿಗೂ ಇದು ಗಂಟಲಲ್ಲಿ ಇಳಿದಿರಲಿಲ್ಲ. ತಾನು ಕಷ್ಟಪಟ್ಟು ಸಾಯಬೇಕು ಎಂದು ಯೇಸು ಹೇಳಿದಾಗ ಪೇತ್ರ ಅವನನ್ನು ಪಕ್ಕಕ್ಕೆ ಕರೆದು ಗದರಿಸಿದ. ಕೊನೆಯ ಊಟದ ರಾತ್ರಿಯೂ ಅದೇ ಕಥೆ. ಯೇಸು ಮೇಲುಬಟ್ಟೆ ತೆಗೆದಿಟ್ಟು, ನಡುವಿಗೆ ಟವೆಲ್ ಕಟ್ಟಿಕೊಂಡು, ಬೋಗುಣಿಗೆ ನೀರು ಸುರಿದು ಒಬ್ಬೊಬ್ಬರದೇ ಕಾಲು ತೊಳೆಯುತ್ತಾ ಬಂದ. ಆಳು ಮಾಡುವ ಕೆಲಸ. ‘ನನ್ನ ಕಾಲು ಮಾತ್ರ ಯಾವತ್ತೂ ತೊಳೆಯಕೂಡದು’ ಅಂತ ಪೇತ್ರ ಹಟ ಹಿಡಿದ. ತಗ್ಗುವ ಗುರುವನ್ನು ಒಪ್ಪಿಕೊಳ್ಳುವುದು ಅವನಿಗೆ ಮುಜುಗರ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅಣಕಿಸಿದವರು ‘ಲಾರ’ ಅಂದರು. ಕ್ರೈಸ್ತರು ಅದನ್ನು ‘ಒಲ್ಲ’ ಅಂತ ಓದುತ್ತಾರೆ. ಇಳಿಯುವ ಶಕ್ತಿ ಇತ್ತು, ಇಳಿಯಲಿಲ್ಲ. ದೇವರ ಸ್ವರೂಪದಲ್ಲಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನಾದ ಎಂದು ಪೌಲ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರ ಹೇಳುತ್ತದೆ. ಇದರಿಂದ ರಕ್ಷಣೆ ಆಗುವುದು ಹೇಗೆ ಎಂಬುದಕ್ಕೆ ಚರ್ಚು ಒಂದೇ ಉತ್ತರ ಕೊಟ್ಟಿಲ್ಲ. ನಮ್ಮ ಪಾಪದ ಹೊರೆ ಹೊತ್ತ ಅನ್ನುವವರು ಬೈಬಲ್‌ನ ಹಳೆಯ ಭಾಗದ ಯೆಶಾಯ ಗ್ರಂಥದ 53ನೇ ಅಧ್ಯಾಯದಲ್ಲಿ ಬರುವ ನೊಂದ ಸೇವಕನನ್ನು ತೋರಿಸುತ್ತಾರೆ (ಆ ಸೇವಕ ಇಸ್ರಾಯೇಲ್ ಜನಾಂಗವೇ ಎಂದು ಓದುವ ಯೆಹೂದ್ಯರು ಬಹಳ). ಸಾವಿನೊಳಗೇ ಹೋಗಿ ಸಾವನ್ನು ಸೋಲಿಸಿದ ಅನ್ನುವವರು ಮೂರನೇ ದಿನ ಅವನು ಸಾವಿನಿಂದ ಎದ್ದುಬಂದ ಪುನರುತ್ಥಾನಕ್ಕೆ ಒತ್ತು ಕೊಡುತ್ತಾರೆ. ಅದಿಲ್ಲದೆ ಹೋದರೆ ನಂಬಿಕೆಯೇ ವ್ಯರ್ಥ ಅಂದವನೂ ಪೌಲನೇ. ನನಗೆ ಹೆಚ್ಚು ತಟ್ಟುವುದು ಇನ್ನೊಂದು ಮಾತು. ಮೇಲಿಂದ ಕೈಚಾಚಿ ಎತ್ತುವ ದೇವರು ಅಲ್ಲ ಇವನು, ಬಿದ್ದವರು ಇರುವ ಗುಂಡಿಗೇ ಇಳಿದವನು. ‘ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?’ ಎಂದು ಅವನೂ ಕೂಗಿದ. ಹಾಗೆ ಕೂಗಿಕೊಂಡ ಯಾರಿಗಾದರೂ ಈ ಮಾತು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಹಾಗಾದರೆ ಹೊಡೆತ ತಿನ್ನುವವರು ಯೇಸುವಿನ ಹಾಗೆ ಸುಮ್ಮನೆ ಸಹಿಸಿಕೊಳ್ಳಬೇಕಾ?

ಉತ್ತರ: ಬೇಡ. ಯೇಸುವಿನ ಹಾಗೆ ಸಹಿಸಿಕೋ ಅನ್ನುವ ಮಾತನ್ನು ಗುಲಾಮರ, ಹೆಂಗಸರ ಬಾಯಿ ಮುಚ್ಚಿಸಲು ಬೇಕಾದಷ್ಟು ಸಲ ಬಳಸಿದ್ದಾರೆ, ಅದು ತಪ್ಪು. ಯೇಸು ನೋವನ್ನು ಹುಡುಕಿಕೊಂಡು ಹೋದವನಲ್ಲ. ಹಿಡಿದೊಯ್ಯುವ ಮುಂಚೆ ಗೆತ್ಸೇಮನೆ ತೋಟದಲ್ಲಿ, ಬರಲಿದ್ದ ಸಂಕಟವನ್ನೇ ಪಾತ್ರೆ ಎಂದು ಕರೆದು, ‘ಈ ಪಾತ್ರೆ ನನ್ನಿಂದ ದೂರವಾಗಲಿ’ ಎಂದು ಬೇಡಿಕೊಂಡ. ವಿಚಾರಣೆಯಲ್ಲಿ ಕೆಲವು ಕಡೆ ಬಾಯಿ ಬಿಡಲಿಲ್ಲ, ನಿಜ. ಆದರೆ ಮಹಾಯಾಜಕನ ಮುಂದೆ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ ಅವನು ಸುಮ್ಮನಿರಲಿಲ್ಲ. ನೇರವಾಗಿ ಕೇಳಿದ: ‘ನಾನು ತಪ್ಪು ಮಾತಾಡಿದ್ದರೆ ತೋರಿಸು. ಸರಿಯಾಗಿ ಮಾತಾಡಿದ್ದರೆ ನನ್ನನ್ನು ಯಾಕೆ ಹೊಡೆದೆ?’