ಪೂಜೆಯಲ್ಲಿ ನೆಮ್ಮದಿ, ಅಂಗಳದಲ್ಲಿ ದಣಿವು

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಕಥೋಲಿಕ ಧರ್ಮಕೇಂದ್ರವೊಂದರ (ಚರ್ಚಿನ) ಗುರು, ವಯಸ್ಸು 43. ಬಲಿಪೂಜೆ ಅರ್ಪಿಸುವಾಗ ಎಂದೂ ದಣಿದವನಲ್ಲ. ಪೂಜೆ ಮುಗಿದು ಜನ ಅಂಗಳದಲ್ಲಿ ಸುತ್ತುವರಿದಾಗ ಮಾತ್ರ, ಯಾರ ಮುಖ ನೋಡಬೇಕು, ಎಷ್ಟು ನಗಬೇಕು ಎಂಬ ಲೆಕ್ಕದಲ್ಲೇ ಸುಸ್ತಾಗುತ್ತೇನೆ. ಚಿಕ್ಕಂದಿನಿಂದಲೂ ಹೀಗೆಯೇ. ಹಬ್ಬದ ಬ್ಯಾಂಡು, ಮೈಕಿನ ಕೀರಲು ಸದ್ದು ಕೇಳಿದ ದಿನ ಕಿಟಕಿ ಮುಚ್ಚಿ ಕತ್ತಲಲ್ಲಿ ಮಲಗುತ್ತೇನೆ. ಕಳೆದ ವರ್ಷ ವರ್ಗವಾಗಿ ಇಲ್ಲಿಗೆ ಬಂದ ಮೇಲೆ ರೋಗಿಗಳ ಮನೆಗೆ ಹೋಗಲೂ ಮನಸ್ಸು ಬಾರದು. ಆಟಿಸಂ (ಜನರೊಡನೆ ಬೆರೆಯುವ, ಸದ್ದು ಗ್ರಹಿಸುವ ರೀತಿಯೇ ಭಿನ್ನವಾಗಿರುವ ಸ್ಥಿತಿ) ಕುರಿತ ಪ್ರಶ್ನಾವಳಿಯೊಂದನ್ನು ಫೋನಿನಲ್ಲಿ ತುಂಬಿ ನೋಡಿದೆ. ಅಂಕ ಹೆಚ್ಚು ಬಂದಿದೆ. ಈ ಸೇವೆಗೆ ನಾನು ತಕ್ಕವನಲ್ಲವೇ?

ಉತ್ತರ: ಫಾದರ್, ತುಂಬಿದ ಚರ್ಚಿನ ಮುಂದೆ ಒಂದು ಗಂಟೆ ನೆಮ್ಮದಿಯಾಗಿ ನಿಲ್ಲುವ ತಾವು ಅಂಗಳದ ಹತ್ತು ನಿಮಿಷಕ್ಕೆ ಸೋಲುತ್ತೀರಿ ಎಂಬುದೇ ನಿಮ್ಮ ಪತ್ರದ ಮುಖ್ಯ ಸಂಗತಿ. ಬಲಿಪೀಠದಲ್ಲಿ ಯಾವ ಮಾತಿನ ನಂತರ ಯಾವ ಮಾತು, ಜನ ಯಾವಾಗ ಏಳುತ್ತಾರೆ, ಏನೆಂದು ಉತ್ತರಿಸುತ್ತಾರೆ ಎಂಬುದೆಲ್ಲ ಮೊದಲೇ ಗೊತ್ತು. ಅಂಗಳದಲ್ಲಿ ಯಾವುದೂ ಗೊತ್ತಿರುವುದಿಲ್ಲ. ಆಟಿಸಂ ಲಕ್ಷಣವಿರುವ ಅನೇಕರು ಇತರರನ್ನು ನೋಡಿ ನೋಡಿ ನಗುವನ್ನೂ ನೋಟವನ್ನೂ ಕಲಿತು, ದಿನವಿಡೀ ಅದನ್ನು ಕಾಪಾಡಿಕೊಳ್ಳುವುದರಲ್ಲೇ ಬಸವಳಿಯುತ್ತಾರೆ. ಇದು ಕರುಣೆಯ ಕೊರತೆಯಲ್ಲ. ಕರುಣೆಯಿಲ್ಲದವರು ಇಂಥ ಪತ್ರವನ್ನೇ ಬರೆಯುವುದಿಲ್ಲ.

ಆದರೆ ಆಟಿಸಂ ಇದ್ದರೆ ಅದು ಹುಟ್ಟಿನಿಂದಲೇ ಇರುವಂಥದ್ದು. ರೋಗಿಗಳ ಮನೆಯ ಬಗೆಗಿನ ಹಿಂಜರಿಕೆ ಒಂದು ವರ್ಷದ್ದು. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ತೀವ್ರ ಆಯಾಸ, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಲಾಗುತ್ತಿಲ್ಲವೆಂಬ ಭಾವ, ಈ ಮೂರನ್ನು ವಿಶ್ವ ಆರೋಗ್ಯ ಸಂಸ್ಥೆ ವೃತ್ತಿಯ ಬಳಲಿಕೆಯ ಲಕ್ಷಣಗಳೆಂದು ಹೇಳುತ್ತದೆ, ಅದನ್ನು ಕಾಯಿಲೆಯೆಂದು ಕರೆಯುವುದಿಲ್ಲ. ವರ್ಗಾವಣೆಯಿಂದ ನಿಮ್ಮ ದಿನಚರಿಯೇ ಕದಡಿದ್ದು ಇದಕ್ಕೆ ಕಾರಣವಿರಬಹುದೆಂದು ನನಗನ್ನಿಸುತ್ತದೆ. ಆದರೂ ಖಿನ್ನತೆಯಲ್ಲವೆಂದು ಖಚಿತಪಡಿಸಿಕೊಳ್ಳಲು ಮನೋವೈದ್ಯರನ್ನು ಕಾಣಲೇಬೇಕು. ಪ್ರಶ್ನಾವಳಿ ಸುಳಿವು ಕೊಡಬಲ್ಲದೇ ಹೊರತು ತೀರ್ಮಾನವನ್ನಲ್ಲ; ವೈದ್ಯರು ಬಾಲ್ಯದ ವಿವರ ಕೇಳುತ್ತಾರೆ, ಆದ್ದರಿಂದ ತಾಯಿಯವರನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯಿರಿ. ಶಿವಮೊಗ್ಗದಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಅಳುಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಪೂಜೆಯ ನಂತರ ಅಂಗಳದ ನಡುವೆ ನಿಲ್ಲದೆ ಬಾಗಿಲ ಒಂದು ಬದಿಯಲ್ಲಿ ನಿಂತರೆ ಜನ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಹೆಚ್ಚು ಮಾತಾಡಬೇಕೆನ್ನುವವರಿಗೆ ವಾರದ ನಡುವೆ ಸಮಯ ಕೊಡಿ. ಮಲೆನಾಡಿನಲ್ಲಿ ಮನೆಗಳು ತೋಟದೊಳಗೆ ದೂರ ದೂರ, ಹೋದಲ್ಲೆಲ್ಲ ಕಾಫಿ ಕುಡಿಯದೆ ಏಳುವಂತಿಲ್ಲ. ಆದ್ದರಿಂದ ದಿನಕ್ಕೆ ಎರಡೇ ಮನೆ, ಮೊದಲೇ ಫೋನ್ ಮಾಡಿ. ಧರ್ಮಾಧ್ಯಕ್ಷರಿಗೆ (ಬಿಷಪ್) ಲಕ್ಷಣದ ಹೆಸರು ಹೇಳುವುದು ನಿಮ್ಮಿಷ್ಟ, ಅಗತ್ಯಗಳನ್ನಂತೂ ಹೇಳಿ. ಕಥೋಲಿಕ ಧರ್ಮಸಭೆಯ ಕಾನೂನಿನ 533ನೇ ನಿಯಮವೇ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಕೊಟ್ಟಿದೆ, ಧ್ಯಾನಕೂಟದ ದಿನಗಳು ಅದರಲ್ಲಿ ಸೇರುವುದಿಲ್ಲ. ಈ ವರ್ಷದ ರಜೆಯನ್ನು ಬಿಟ್ಟುಕೊಡಬೇಡಿ. ಬದುಕೇ ಬೇಡವೆನಿಸಿದರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.